ಓಲೆ, ಕಡತ, ಕಲ್ಲಚ್ಚು: ವಿಶ್ವವಿದ್ಯಾಲಯಗಳ ಅಪರೂಪದ ಸಂಗ್ರಹಗಳ ಬಗ್ಗೆ ಓದುಗರ ಪ್ರಶ್ನೆಗಳು

ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿರುವ ಹಸ್ತಪ್ರತಿ, ಹಳೆಯ ದಾಖಲೆ ಮತ್ತು ಅಪರೂಪದ ಪುಸ್ತಕಗಳನ್ನು ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಕೌಟಿಲ್ಯನ ಅರ್ಥಶಾಸ್ತ್ರ ಮೈಸೂರಿನ ಗ್ರಂಥಾಲಯದಲ್ಲಿ ‘ಪತ್ತೆಯಾಯಿತು’ ಎಂದು ಎಲ್ಲೆಡೆ ಬರೆಯುತ್ತಾರೆ. ಗ್ರಂಥಾಲಯದಲ್ಲೇ ಇದ್ದ ಪುಸ್ತಕವನ್ನು ಪತ್ತೆ ಮಾಡಿದರು ಎಂದರೆ ಏನರ್ಥ? ಜಗತ್ತಿನಲ್ಲಿ ಇದ್ದದ್ದು ಅದೊಂದೇ ಪ್ರತಿಯೇ?
— ಸ್ನಾತಕೋತ್ತರ ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಗ್ರಂಥಾಲಯದ ಕಪಾಟಿನಲ್ಲಿ ಒಂದು ಓಲೆಗರಿಯ ಕಟ್ಟು ಇರುವುದು ಬೇರೆ, ಅದರಲ್ಲಿ ಏನಿದೆಯೆಂದು ಓದಿ ತಿಳಿದವರು ಅಲ್ಲಿರುವುದು ಬೇರೆ. ಮೈಸೂರಿನ ಕತೆಯಲ್ಲಿ ಇವೆರಡೂ ಒಂದೆಡೆ ಸೇರಿದವು. ಹತ್ತನೆಯ ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, 1891ರಲ್ಲಿ, ಸಂಸ್ಥಾನದ ಸರ್ಕಾರ ಓರಿಯಂಟಲ್ ಲೈಬ್ರರಿಯನ್ನು ಆರಂಭಿಸಿತು. ವಿಕ್ಟೋರಿಯಾ ರಾಣಿಯ ಜ್ಯೂಬಿಲಿಯ ನೆನಪಿಗೆ ಕಟ್ಟಿಸಿದ ಭವನ ಅದರ ನೆಲೆಯಾಯಿತು. ಪಂಡಿತರ ಮನೆಗಳಿಂದಲೂ ಮಠಗಳಿಂದಲೂ ಹಸ್ತಪ್ರತಿಗಳನ್ನು ದಾನವಾಗಿ ಪಡೆದು, ಕೊಂಡು, ಕೊಡಲೊಪ್ಪದವರಿಂದ ಎರವಲು ತಂದು ನಕಲು ಮಾಡಿಸಿ ಸಂಗ್ರಹವನ್ನು ಬೆಳೆಸಲಾಯಿತು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಂದುಕೊಟ್ಟ ಕಟ್ಟೊಂದು ಹೀಗೆಯೇ ಒಳಗೆ ಬಂತು. ತಮಿಳುನಾಡಿನಲ್ಲಿ ಸಂಸ್ಕೃತವನ್ನು ಬರೆಯಲು ಬಳಸುತ್ತಿದ್ದ ಗ್ರಂಥ ಲಿಪಿಯಲ್ಲಿ ಅದಿತ್ತು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ, ಇದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. 1905ರಿಂದಲೇ ಅದರ ಭಾಗಗಳ ಇಂಗ್ಲಿಷ್ ಅನುವಾದ ಬೆಳಕಿಗೆ ಬರತೊಡಗಿತು. ಮೂಲಪಾಠ 1909ರಲ್ಲಿಯೂ ಪೂರ್ಣ ಅನುವಾದ 1915ರಲ್ಲಿಯೂ ಪ್ರಕಟವಾದವು.

ಅಲ್ಲಿಯವರೆಗೆ ಈ ಗ್ರಂಥ ಯಾರಿಗೂ ಗೊತ್ತೇ ಇರಲಿಲ್ಲ ಎಂಬ ಮಾತು ಸರಿಯಲ್ಲ. ದಂಡಿಯ ದಶಕುಮಾರಚರಿತದಲ್ಲಿ, ಬಾಣನ ಕಾದಂಬರಿಯಲ್ಲಿ, ಕಾಮಂದಕನ ನೀತಿಸಾರದಲ್ಲಿ ಕೌಟಿಲ್ಯನ ಹೆಸರಾಗಲಿ ಅವನ ಶಾಸ್ತ್ರದ ಪ್ರಸ್ತಾಪವಾಗಲಿ ಬರುತ್ತದೆ. ಹೆಸರು ಬಲ್ಲವರು ಇದ್ದರು, ಪೂರ್ಣ ಪಾಠವನ್ನು ಓದಿದ ವಿದ್ವಾಂಸರು ಆಗ ಇರಲಿಲ್ಲ. ಹಾಗಾಗಿಯೇ ಶಾಮಶಾಸ್ತ್ರಿಗಳು ಅದನ್ನು ಕಂಡೊಡನೆ ಅದರ ಬೆಲೆಯನ್ನು ಅಳೆಯಬಲ್ಲವರಾದರು. ಅದೊಂದೇ ಪ್ರತಿ ಎಂಬ ಮಾತೂ ನಿಲ್ಲುವುದಿಲ್ಲ. ಮೈಸೂರಿನ ಪ್ರಕಟಣೆ ಹೊರಬಿದ್ದ ಮೇಲೆ ಮ್ಯೂನಿಕ್‌ನಲ್ಲಿದ್ದ ಪ್ರತಿಯೊಂದನ್ನು ವಿದ್ವಾಂಸರು ಬಳಸಿಕೊಂಡರು; ಕೇರಳದ ಪ್ರತಿಗಳು ಬೆಳಕಿಗೆ ಬಂದು, ಗಣಪತಿ ಶಾಸ್ತ್ರಿಗಳು ತಿರುವನಂತಪುರದಿಂದ 1924-25ರಲ್ಲಿ ವ್ಯಾಖ್ಯಾನಸಹಿತ ಆವೃತ್ತಿಯನ್ನು ತಂದರು; ಮುಂದೆ 1960ರ ದಶಕದಲ್ಲಿ ಮುಂಬಯಿ ವಿಶ್ವವಿದ್ಯಾಲಯಕ್ಕಾಗಿ ಆರ್.ಪಿ. ಕಾಂಗಳೆ ಅವರು ಲಭ್ಯ ಪ್ರತಿಗಳನ್ನೆಲ್ಲ ಹೋಲಿಸಿ ಪರಿಷ್ಕರಿಸಿದರು. ಮೊದಲ ಪ್ರತಿ ಅಚ್ಚಾದ ಮೇಲೆ ಉಳಿದವು ತಾವಾಗಿ ತಲೆಯೆತ್ತುವುದು ಹಸ್ತಪ್ರತಿಗಳ ಲೋಕದಲ್ಲಿ ಸಾಮಾನ್ಯ. ಏನನ್ನು ಹುಡುಕಬೇಕೆಂಬುದು ಗೊತ್ತಾದ ಮೇಲೆ ತಾನೆ ಹುಡುಕುವುದು?

1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಈ ಗ್ರಂಥಾಲಯ ಅದರ ತೆಕ್ಕೆಗೆ ಬಂತು. ಈಗ ಅದು ಪ್ರಾಚ್ಯವಿದ್ಯಾ ಸಂಶೋಧನಾಲಯ. ಅರ್ಥಶಾಸ್ತ್ರದ ಆ ಓಲೆಗಳು ಇಂದಿಗೂ ಅಲ್ಲಿಯೇ ಇವೆ. ನೀವು ಕನ್ನಡ ಹಸ್ತಪ್ರತಿಗಳನ್ನು ಅರಸಿ ಹೋಗುವುದಾದರೆ ಮಾತ್ರ ದಾರಿ ಬೇರೆ: ಮಾನಸಗಂಗೋತ್ರಿಯಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಸ್ಥಾಪನೆಯಾದ ಮೇಲೆ ಕನ್ನಡ ಪ್ರತಿಗಳು ಅಲ್ಲಿಗೆ ಹೋದವು. ಹಳೆಯ ಸಂಶೋಧನ ಗ್ರಂಥಗಳ ಅಡಿಟಿಪ್ಪಣಿಯಲ್ಲಿ ‘ಓರಿಯಂಟಲ್ ಲೈಬ್ರರಿಯ ಪ್ರತಿ’ ಎಂದಿರುವುದನ್ನು ನಂಬಿ ಜ್ಯೂಬಿಲಿ ಭವನಕ್ಕೆ ಹೋಗಿ ಬರಿಗೈಯಲ್ಲಿ ಹಿಂದಿರುಗುವವರು ಈಗಲೂ ಇದ್ದಾರೆ.

ಪ್ರಶ್ನೆ: ನಮ್ಮ ಅಟ್ಟದಲ್ಲಿ ಅಜ್ಜನ ಕಾಲದ ಓಲೆಗರಿಯ ಕಟ್ಟುಗಳಿವೆ. ಅಕ್ಷರ ನೋಡಿದರೆ ಮಲಯಾಳದಂತೆ ಕಾಣುತ್ತದೆ, ಆದರೆ ನಮ್ಮ ಮನೆತನಕ್ಕೂ ಕೇರಳಕ್ಕೂ ಸಂಬಂಧವಿಲ್ಲ. ಓದಬಲ್ಲ ಹಿರಿಯರೊಬ್ಬರು ಒಂದು ಕಟ್ಟಿನ ಕೊನೆಯಲ್ಲಿ ‘ಶಾರ್ವರಿ ಸಂವತ್ಸರ’ ಎಂದಿದೆಯೆಂದು ಹೇಳಿದರು. ಇವು ಎಷ್ಟು ಹಳೆಯವು? ಎಣ್ಣೆ ಹಚ್ಚಿ ಇಡಬಹುದೇ? ವಿಶ್ವವಿದ್ಯಾಲಯಕ್ಕೆ ಕೊಟ್ಟರೆ ನಮಗೆ ಮತ್ತೆ ನೋಡಲು ಸಿಗುತ್ತದೆಯೇ?
— ಸಾಗರದ ಓದುಗರು

ಉತ್ತರ: ಅದು ಬಹುತೇಕ ತಿಗಳಾರಿ ಲಿಪಿಯಾಗಿರಬೇಕು. ಕರಾವಳಿ ಮತ್ತು ಮಲೆನಾಡಿನ ವೈದಿಕ ಮನೆತನಗಳು ಸಂಸ್ಕೃತ ಗ್ರಂಥಗಳನ್ನು, ವಿಶೇಷವಾಗಿ ವೇದ, ಪ್ರಯೋಗ (ಪೂಜೆ, ಕರ್ಮಗಳ ವಿಧಿ), ಜ್ಯೋತಿಷದ ಪಠ್ಯಗಳನ್ನು, ಶತಮಾನಗಳ ಕಾಲ ಈ ಲಿಪಿಯಲ್ಲಿ ಬರೆದಿಟ್ಟುಕೊಂಡಿವೆ. ಕೆಲವೆಡೆ ಕನ್ನಡ, ತುಳು ಬರಹವೂ ಸಿಗುತ್ತದೆ. ಮಲಯಾಳಂ ಲಿಪಿಯೂ ತಿಗಳಾರಿಯೂ ಗ್ರಂಥ ಲಿಪಿಯ ಬಳಗಕ್ಕೆ ಸೇರಿದವಾದ್ದರಿಂದ ನಿಮಗೆ ಹೋಲಿಕೆ ಕಂಡಿದೆ.

ಕಾಲದ ವಿಷಯಕ್ಕೆ ಬರೋಣ. ಸಂವತ್ಸರಗಳು ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ‘ಶಾರ್ವರಿ’ ಎಂದಷ್ಟೇ ಇದ್ದರೆ ಅದು 1900-01 ಆಗಿರಬಹುದು, 1840-41 ಆಗಿರಬಹುದು, 1780-81 ಕೂಡ ಆಗಿರಬಹುದು. ಶಾಲಿವಾಹನ ಶಕವರ್ಷವನ್ನೂ ಬರೆದಿದ್ದರೆ ತೊಂದರೆಯಿಲ್ಲ. ಅದಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ, ವರ್ಷದ ಕೊನೆಯ ತಿಂಗಳುಗಳಾದರೆ 79. ಶಕ 1762ರ ಶಾರ್ವರಿ ಎಂದರೆ 1840-41. ಶಕವರ್ಷ ಇಲ್ಲವಾದರೆ ಮಾಸ, ಪಕ್ಷ, ತಿಥಿಯ ಜೊತೆಗೆ ವಾರವನ್ನು ಬರೆದಿದ್ದಾರೆಯೇ ನೋಡಿಸಿ. ‘ಶಾರ್ವರಿ ಸಂವತ್ಸರದ ಮಾರ್ಗಶಿರ ಶುದ್ಧ ಪಂಚಮಿ, ಗುರುವಾರ’ ಎಂಬಂತೆ ಪೂರ್ತಿ ವಿವರ ಇದ್ದಲ್ಲಿ, ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆ ಅವರ ಪಂಚಾಂಗ ಕೋಷ್ಟಕಗಳಂಥ ಆಕರಗಳನ್ನಿಟ್ಟುಕೊಂಡು ಮೇಲಿನ ಮೂರು ವರ್ಷಗಳಲ್ಲಿ ಯಾವುದರಲ್ಲಿ ಆ ತಿಥಿ ಆ ವಾರಕ್ಕೆ ಬಿದ್ದಿತ್ತೆಂದು ಪರೀಕ್ಷಿಸಬಹುದು. ಲಿಪಿಕಾರನ ಹೆಸರು, ಊರು, ಯಾರಿಗಾಗಿ ಬರೆದದ್ದೆಂಬ ವಿವರ ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ. ಕೊನೆಯ ಗರಿ ಇಲ್ಲದ ಕಟ್ಟಿನ ಕಾಲವನ್ನು ಅಕ್ಷರದ ರೂಪದಿಂದ ಊಹಿಸಬೇಕಾಗುತ್ತದೆ. ಆ ಊಹೆಯಲ್ಲಿ ನೂರು ವರ್ಷದ ಹೆಚ್ಚುಕಡಿಮೆ ಏನೂ ದೊಡ್ಡದಲ್ಲ.

ಎಣ್ಣೆಯ ಪ್ರಶ್ನೆಗೆ ನಮ್ಮ ಹಳೆಯ ಲಿಪಿಕಾರರೇ ಒಂದು ಉತ್ತರ ಬರೆದಿಟ್ಟಿದ್ದಾರೆ. ಅನೇಕ ಹಸ್ತಪ್ರತಿಗಳ ಕೊನೆಯಲ್ಲಿ ಕಾಣುವ ಶ್ಲೋಕ ಇದು: ‘ತೈಲಾದ್ರಕ್ಷೇಜ್ಜಲಾದ್ರಕ್ಷೇದ್ರಕ್ಷೇಚ್ಛಿಥಿಲಬಂಧನಾತ್ | ಮೂರ್ಖಹಸ್ತೇ ನ ದಾತವ್ಯಮೇವಂ ವದತಿ ಪುಸ್ತಕಮ್’. ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಮಾತ್ರ ಕೊಡಬೇಡ ಎಂದು ಪುಸ್ತಕವೇ ಬೇಡಿಕೊಳ್ಳುತ್ತದಂತೆ. ಹಾಗಾದರೆ ಗ್ರಂಥಾಲಯಗಳಲ್ಲಿ ಮಜ್ಜಿಗೆ ಹುಲ್ಲಿನ ಎಣ್ಣೆಯನ್ನೋ ಸಿಟ್ರೊನೆಲಾ ಎಣ್ಣೆಯನ್ನೋ ಏಕೆ ಸವರುತ್ತಾರೆ ಎಂದು ನೀವು ಕೇಳಬಹುದು. ಶ್ಲೋಕ ಹೆದರಿದ್ದು ದೀಪದ ಎಣ್ಣೆಗೆ, ಅಡುಗೆಯ ಎಣ್ಣೆಗೆ; ಅದು ಗರಿಯಲ್ಲಿ ಉಳಿದು ಅಂಟಾಗಿ ಧೂಳನ್ನು ಹಿಡಿಯುತ್ತದೆ, ಗರಿಗೆ ಗರಿ ಕಚ್ಚಿಕೊಳ್ಳುತ್ತದೆ. ಹುಲ್ಲಿನ ಎಣ್ಣೆ ಬೇಗ ಆರುವಂಥದ್ದು, ಹುಳವನ್ನು ದೂರವಿಡುತ್ತದೆ, ಗರಿಗೆ ಸ್ವಲ್ಪ ಬಳುಕನ್ನೂ ಕೊಡುತ್ತದೆ. ಹಾಗೆಂದು ಮನೆಯಲ್ಲಿ ಇದನ್ನು ಮಾಡಲು ಹೋಗಬೇಡಿ. ಮೇಲೆ ಮಸಿಯಿಂದ ಬರೆದ ಗರಿಯೋ, ಕಂಟದಿಂದ, ಅಂದರೆ ಚೂಪು ಮೊನೆಯ ಲೋಹದ ಲೇಖನಿಯಿಂದ, ಕೊರೆದ ಗರಿಯೋ ಎಂಬುದನ್ನು ತಿಳಿಯದೆ ಎಣ್ಣೆ ಸವರಿದರೆ ಅಕ್ಷರವೇ ಹೋಗಬಹುದು. ಅಕ್ಷರ ಕಾಣದ ಗರಿಗೆ ಕಾಡಿಗೆ ತುಂಬುವುದನ್ನೂ ಬಲ್ಲವರಿಗೇ ಬಿಡಿ. ಕೊರೆದ ಅಕ್ಷರವನ್ನು ಓದುವುದಷ್ಟೇ ಉದ್ದೇಶವಾದರೆ ಕತ್ತಲ ಕೋಣೆಯಲ್ಲಿ ಟಾರ್ಚನ್ನು ಗರಿಯ ಮಟ್ಟಕ್ಕೆ ಅಡ್ಡಲಾಗಿ ಹಿಡಿಯಿರಿ. ಬೆಳಕು ಪಕ್ಕದಿಂದ ಬಿದ್ದಾಗ ಗೀರುಗಳಲ್ಲಿ ನೆರಳು ನಿಂತು, ಬರಿಯ ಕಂದು ಪಟ್ಟಿಯಂತೆ ತೋರುತ್ತಿದ್ದ ಗರಿಯ ಮೇಲೆ ಸಾಲುಗಳು ಮೂಡುತ್ತವೆ. ಫೋಟೊ ತೆಗೆಯುವುದೂ ಹಾಗೆಯೇ, ಫ್ಲ್ಯಾಶ್ ಬೇಡ.

ಸದ್ಯಕ್ಕೆ ಮಾಡಬೇಕಾದದ್ದು ಕಡಿಮೆ. ಮೆದುವಾದ ಒಣ ಕುಂಚದಿಂದ ಧೂಳು ತೆಗೆದು, ಗರಿಗಳ ಈಗಿನ ಕ್ರಮವನ್ನು ಕದಲಿಸದೆ, ಮೇಲೂ ಕೆಳಗೂ ಹಲಗೆಯಿಟ್ಟು ಬಿಗಿಯಾಗಿ ಕಟ್ಟಿ, ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಅಟ್ಟದಿಂದ ಇಳಿಸಿ ಗಾಳಿಯಾಡುವ ಕಪಾಟಿನಲ್ಲಿಡಿ. ಬಜೆ, ಬೇವಿನ ಸೊಪ್ಪನ್ನು ಇಡುವ ಹಳೆಯ ರೂಢಿ ಕೆಟ್ಟದ್ದಲ್ಲ. ಒಣಗಿದ್ದನ್ನು ಬಟ್ಟೆಯ ಹೊರಗೆ ಇಡಿ, ಹಸಿ ಎಲೆಯನ್ನು ಗರಿಗಳ ನಡುವೆ ಸೇರಿಸಬೇಡಿ. ಲ್ಯಾಮಿನೇಷನ್ ಮಾಡಿಸುವ ಯೋಚನೆ ಬಂದರೆ ಅಲ್ಲಿಗೇ ಬಿಟ್ಟುಬಿಡಿ.

ಕೊಡುವ ವಿಚಾರದಲ್ಲಿ ಎರಡು ದಾರಿಗಳಿವೆ. ಕಟ್ಟನ್ನು ನಿಮ್ಮಲ್ಲೇ ಇಟ್ಟುಕೊಂಡು ಸ್ಕ್ಯಾನ್ ಮಾಡಿಸಿ, ಪ್ರತಿಯನ್ನಷ್ಟೇ ವಿಶ್ವವಿದ್ಯಾಲಯಕ್ಕೆ ಕೊಡಬಹುದು. ಇಲ್ಲವೇ ಮೂಲವನ್ನೇ ಕೊಡಬಹುದು. ಮೂಲ ಕೊಡುವುದಾದರೆ ಬಾಯಿಮಾತಿನಲ್ಲಿ ಮುಗಿಸಬೇಡಿ. ಎಷ್ಟು ಕಟ್ಟು, ಪ್ರತಿಯೊಂದರಲ್ಲಿ ಎಷ್ಟು ಗರಿ, ಸಂಗ್ರಹಕ್ಕೆ ಮನೆತನದ ಹೆಸರು ಇರಬೇಕೇ, ನಿಮಗೆ ಸ್ಕ್ಯಾನ್ ಪ್ರತಿ ಸಿಗುತ್ತದೆಯೇ, ಗ್ರಂಥಾಲಯದ ಸೂಚಿಯಲ್ಲಿ (ಕ್ಯಾಟಲಾಗ್) ಯಾವಾಗ ಸೇರುತ್ತದೆ ಎಂಬುದನ್ನೆಲ್ಲ ಬರೆದ ದಾನಪತ್ರಕ್ಕೆ ಇಬ್ಬರೂ ಸಹಿ ಹಾಕಿ. ಇವುಗಳಲ್ಲಿ ಕೊನೆಯದೇ ಮುಖ್ಯವೆಂದು ನನ್ನ ಅಭಿಪ್ರಾಯ. ಸೂಚಿಗೆ ಸೇರದ ಕಟ್ಟು ಹವಾನಿಯಂತ್ರಿತ ಕೋಣೆಯಲ್ಲಿದ್ದರೂ ನಿಮ್ಮ ಅಟ್ಟದಲ್ಲಿದ್ದಷ್ಟೇ ಅಜ್ಞಾತ. ಮಾರಲು ಯಾರಾದರೂ ಕೇಳಿಕೊಂಡು ಬಂದರೆ 1972ರ ಪ್ರಾಚೀನ ವಸ್ತುಗಳ ಕಾಯ್ದೆಯನ್ನು ನೆನಪಿಡಿ: ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವಿರುವ 75 ವರ್ಷ ದಾಟಿದ ಹಸ್ತಪ್ರತಿ ಅದರ ವ್ಯಾಪ್ತಿಗೆ ಬರುತ್ತದೆ, ಇಂಥವನ್ನು ವ್ಯಾಪಾರ ಮಾಡಲು ಪರವಾನಗಿ ಬೇಕು, ಖಾಸಗಿಯವರು ದೇಶದ ಹೊರಗೆ ಸಾಗಿಸುವಂತೆಯೇ ಇಲ್ಲ.

ಪ್ರಶ್ನೆ: ಗ್ರಂಥಾಲಯಕ್ಕೂ ಪತ್ರಾಗಾರಕ್ಕೂ ವ್ಯತ್ಯಾಸವೇನು? ಎಷ್ಟು ವರ್ಷ ಹಳೆಯದಾದರೆ ಪುಸ್ತಕ ‘ಅಪರೂಪ’ವಾಗುತ್ತದೆ?
— ಕಲಬುರಗಿಯ ಓದುಗರು

ಉತ್ತರ: ಗ್ರಂಥಾಲಯ ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸುತ್ತದೆ. ಪತ್ರಾಗಾರ ಹಾಗೆ ಮಾಡುವಂತಿಲ್ಲ; ಒಬ್ಬ ವ್ಯಕ್ತಿಯಿಂದ ಅಥವಾ ಒಂದು ಕಚೇರಿಯಿಂದ ಬಂದ ಕಾಗದಪತ್ರಗಳನ್ನು ಒಟ್ಟಿಗೆ, ಅವು ಬಂದ ಕ್ರಮದಲ್ಲೇ ಇಡುತ್ತದೆ. ಒಂದು ಪತ್ರದ ಅರ್ಥ ಅದರ ಹಿಂದುಮುಂದಿನ ಪತ್ರಗಳಲ್ಲಿ ಇರುವುದರಿಂದ, ವಿಷಯವಾರು ವಿಂಗಡಿಸಿ ಜಾಣತನ ತೋರಿದರೆ ಆ ಅರ್ಥವೇ ಕಳೆದುಹೋಗುತ್ತದೆ. ‘ಅಪರೂಪ’ಕ್ಕೆ ವಯಸ್ಸೊಂದೇ ಅಳತೆಯಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದದ್ದರಿಂದ ಅಪರೂಪ; ಆದರೆ 1950ರ ನಾಟಕ ಕಂಪನಿಯೊಂದರ ಹಾಡಿನ ಪುಸ್ತಿಕೆ, ಆಟ ಮುಗಿದ ಮೇಲೆ ಯಾರೂ ಎತ್ತಿಡದ ಕಾರಣಕ್ಕೆ, ಅದಕ್ಕಿಂತ ದುರ್ಲಭವಾಗಿರಬಹುದು. ಅಂಚಿನಲ್ಲಿ ದೊಡ್ಡ ವಿದ್ವಾಂಸರ ಟಿಪ್ಪಣಿ ಇರುವ ಸಾಧಾರಣ ಪುಸ್ತಕವೂ ಈ ಕಪಾಟಿಗೇ ಬರುತ್ತದೆ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು, ಯಾವ ವಿಶ್ವವಿದ್ಯಾಲಯಕ್ಕೂ ಸೇರಿದವನಲ್ಲ. ನಮ್ಮೂರಿನ ಇತಿಹಾಸ ಬರೆಯುತ್ತಿದ್ದೇನೆ. ಹಸ್ತಪ್ರತಿ ವಿಭಾಗಕ್ಕೆ ಹೋದರೆ ಒಳಗೆ ಬಿಡುತ್ತಾರೆಯೇ? ಬಿಳಿ ಕೈಗವಸು ಕೊಂಡೊಯ್ಯಬೇಕೇ?
— ಹುಬ್ಬಳ್ಳಿಯ ಓದುಗರು

ಉತ್ತರ: ಬಿಡುತ್ತಾರೆ, ಆದರೆ ಹೇಳದೆ ಕೇಳದೆ ಹೋಗಬೇಡಿ. ಏನನ್ನು ನೋಡಬೇಕು, ಯಾಕೆ ನೋಡಬೇಕು ಎಂಬುದನ್ನು ಒಂದು ಪುಟದಲ್ಲಿ ಬರೆದು, ಗುರುತಿನ ಚೀಟಿಯ ನಕಲನ್ನು ಲಗತ್ತಿಸಿ, ಮುಖ್ಯಸ್ಥರಿಗೆ ಮೊದಲೇ ಕಳುಹಿಸಿ. ‘ನಮ್ಮೂರಿನ ಬಗ್ಗೆ ಏನಿದ್ದರೂ ಕೊಡಿ’ ಎಂಬ ಮನವಿ ಸಿಬ್ಬಂದಿಯನ್ನು ಕಂಗೆಡಿಸುತ್ತದೆ. ಮುದ್ರಿತ ವರ್ಣನಾತ್ಮಕ ಸೂಚಿಗಳನ್ನು ಮೊದಲು ನೋಡಿ, ಕ್ರಮಸಂಖ್ಯೆ ಸಹಿತ ಎರಡು ಮೂರು ಪ್ರತಿಗಳನ್ನು ಕೇಳಿದರೆ ಕೆಲಸ ಸುಲಭ. ನಿಮಗೆ ಧಾರವಾಡ ಹತ್ತಿರ. 1939ರಲ್ಲಿ ಮುಂಬಯಿ ಸರ್ಕಾರ ಆರಂಭಿಸಿದ ಕನ್ನಡ ಸಂಶೋಧನ ಸಂಸ್ಥೆ ಈಗ ಕರ್ನಾಟಕ ವಿಶ್ವವಿದ್ಯಾಲಯದ ಭಾಗ, ಅಲ್ಲಿಂದಲೇ ಆರಂಭಿಸಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿಯೂ ಹಸ್ತಪ್ರತಿಗಳಿಗೆ ಪ್ರತ್ಯೇಕ ವಿಭಾಗವಿದೆ. ನಿಮ್ಮ ಭಾಗದ ದೇಸಗತಿ, ಕುಲಕರ್ಣಿ ಮನೆತನಗಳ ಕಾಗದಗಳು ಹೆಚ್ಚಾಗಿ ಮೋಡಿ ಎಂಬ ಓಟದ ಬರವಣಿಗೆಯ ಲಿಪಿಯಲ್ಲಿರುತ್ತವೆ ಎಂಬುದನ್ನು ಗಮನದಲ್ಲಿಡಿ. ಓದಬಲ್ಲವರನ್ನು ಜೊತೆಗೆ ಹೊಂದಿಸಿಕೊಳ್ಳದೆ ಹೋದರೆ ಪೆಟ್ಟಿಗೆ ತೆರೆದೂ ಪ್ರಯೋಜನವಿಲ್ಲ.

ಕೈಗವಸು ಸಿನಿಮಾದಲ್ಲಿ ಚೆನ್ನಾಗಿ ಕಾಣುತ್ತದೆ. ಹಳೆಯ ಕಾಗದಕ್ಕೆ ಅದು ಒಳ್ಳೆಯದಲ್ಲ. ಬಟ್ಟೆಯೊಳಗಿನ ಬೆರಳಿಗೆ ಹಾಳೆಯ ತೆಳುವು ತಿಳಿಯುವುದಿಲ್ಲ, ಮುರಿಯುವ ಅಂಚನ್ನು ಎಳೆ ಸಿಕ್ಕಿಸಿಕೊಳ್ಳುತ್ತದೆ. ಸೋಪಿನಿಂದ ತೊಳೆದು ಪೂರ್ತಿ ಒರೆಸಿದ ಕೈಯೇ ಮೇಲು. ಕೈಗವಸು ಬೇಕಾಗುವುದು ಫೋಟೊ ಮತ್ತು ನೆಗೆಟಿವ್‌ಗಳಿಗೆ. ಬರೆದುಕೊಳ್ಳಲು ಪೆನ್ಸಿಲ್ ಮಾತ್ರ. ಎಂಜಲು ತಾಗಿಸಿ ಹಾಳೆ ತಿರುವುವ ಬ್ಯಾಂಕಿನ ಅಭ್ಯಾಸವಿದ್ದರೆ, ಸಲುಗೆಯಿಂದ ಹೇಳುತ್ತೇನೆ, ಅದನ್ನು ಬಾಗಿಲಲ್ಲೇ ಬಿಟ್ಟುಬನ್ನಿ. ಕಡತ ನೋಡುವ ಅವಕಾಶ ಸಿಕ್ಕರೆ ಇನ್ನೂ ಎಚ್ಚರ ಬೇಕು: ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಲೇಪಿಸಿ ಕಪ್ಪು ಮಾಡಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಮೇಲೆ ಬಳಪದಿಂದ ಬರೆದ ಲೆಕ್ಕಪತ್ರ ಅದು. ಒರೆಸಿ ಮತ್ತೆ ಬರೆಯಲೆಂದೇ ಮಾಡಿದ್ದು. ನಿಮ್ಮ ಅಂಗಿಯ ತೋಳು ಸೋಕಿದರೂ ಒಂದು ಹಳ್ಳಿಯ ಕಂದಾಯದ ಸಾಲು ಅಳಿಸಿಹೋಗಬಹುದು.

ಪ್ರಶ್ನೆ: ನಮ್ಮ ಮನೆಯಲ್ಲಿರುವ 1870ರ ದಶಕದ ಒಂದು ಪುಸ್ತಕದ ಹಾಳೆ ಇನ್ನೂ ಗಟ್ಟಿಯಾಗಿದೆ, 1943ರ ಕಾದಂಬರಿ ಮುಟ್ಟಿದರೆ ಪುಡಿಯಾಗುತ್ತದೆ. ಯಾಕೆ ಹೀಗೆ?
— ಮಂಗಳೂರಿನ ಓದುಗರು

ಉತ್ತರ: ಹಳೆಯ ಕಾಗದವನ್ನು ಹತ್ತಿ ಮತ್ತು ನಾರುಬಟ್ಟೆಯ ಚಿಂದಿಯಿಂದ ತಯಾರಿಸುತ್ತಿದ್ದರು, ಅದರ ನಾರು ಉದ್ದ ಮತ್ತು ಶುದ್ಧ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಮರದ ತಿರುಳಿನ ಅಗ್ಗದ ಕಾಗದ ಹರಡುತ್ತ ಬಂತು. ಮರದ ನಾರುಗಳನ್ನು ಬೆಸೆದಿಡುವ ಲಿಗ್ನಿನ್ ಎಂಬ ಅಂಶ ಬೆಳಕು, ಗಾಳಿಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಶಾಯಿ ಹರಡದಿರಲೆಂದು ಬಳಸುತ್ತಿದ್ದ ಪಟಿಕ ಮತ್ತು ರಾಳದ ಲೇಪ ಕಾಲಕ್ರಮದಲ್ಲಿ ಆಮ್ಲವನ್ನು ಹುಟ್ಟಿಸುತ್ತದೆ. ಆ ಆಮ್ಲ ಕಾಗದದ ನಾರಿನ ಮೂಲವಸ್ತುವಾದ ಸೆಲ್ಯುಲೋಸಿನ ಸರಪಳಿಯನ್ನು ತುಂಡರಿಸುತ್ತ ಹೋಗುತ್ತದೆ. ಅದರ ಮೇಲೆ 1943 ಎಂದರೆ ಮಹಾಯುದ್ಧದ ಕಾಗದದ ಬರಗಾಲ. ಪ್ರಕಾಶಕರು ಸಿಕ್ಕ ಕಾಗದದಲ್ಲಿ ಅಚ್ಚು ಹಾಕಿಸಿದರು. ನಿಮ್ಮ ಕರಾವಳಿಯ ಸೆಕೆ ಮತ್ತು ತೇವ ಈ ಕ್ರಿಯೆಯನ್ನು ಇನ್ನಷ್ಟು ಚುರುಕಾಗಿಸುತ್ತವೆ.

ಆದ್ದರಿಂದ ಗ್ರಂಥಾಲಯಗಳಲ್ಲಿ ಇಂದು ತುರ್ತಾಗಿ ಸ್ಕ್ಯಾನ್ ಆಗಬೇಕಾದದ್ದು ನಾವೆಂದುಕೊಂಡಂತೆ ಅತಿ ಹಳೆಯ ಪುಸ್ತಕಗಳಲ್ಲ; 1900ರಿಂದ 1960ರ ನಡುವಿನ ಕನ್ನಡದ ಪತ್ರಿಕೆ, ಕಾದಂಬರಿ, ಪಠ್ಯಪುಸ್ತಕಗಳು. ಕ್ಯಾಲ್ಸಿಯಂ ದ್ರಾವಣದಿಂದ ಆಮ್ಲವನ್ನು ತಗ್ಗಿಸಿ, ತೆಳುವಾದ ಜಪಾನೀ ಕಾಗದವನ್ನು ಗೋಧಿ ಪಿಷ್ಟದ ಸರಿಯಿಂದ ಅಂಟಿಸಿ ಬಲಪಡಿಸುವ ವಿಧಾನವಿದೆ, ಆದರೆ ಹಾಳೆ ಹಾಳೆಯಾಗಿ ಮಾಡಬೇಕಾದ ಕೆಲಸವದು. ಮನೆಯಲ್ಲಿ ನೀವು ಸೆಲ್ಲೊಟೇಪ್ ಹಚ್ಚದಿದ್ದರೆ ಅದೇ ದೊಡ್ಡ ಉಪಕಾರ.

ಪ್ರಶ್ನೆ: ಹಳೆಯ ಕನ್ನಡ ಪುಸ್ತಕಗಳೆಲ್ಲ ಈಗ ಅಂತರ್ಜಾಲದಲ್ಲಿ ಪಿಡಿಎಫ್ ಆಗಿ ಸಿಗುತ್ತವೆ. ಹಾಗಿದ್ದೂ ಮೂಲವನ್ನು ಕಾಪಾಡಲು ಸಾರ್ವಜನಿಕರ ಹಣ ಸುರಿಯಬೇಕೇ?
— ಬೆಂಗಳೂರಿನ ಓದುಗರು

ಉತ್ತರ: ‘ಎಲ್ಲ’ ಎಂಬ ಮಾತನ್ನು ಒಪ್ಪಲಾರೆ, ಆದರೆ ಬಹಳಷ್ಟು ಸಿಗುತ್ತವೆ ಎಂಬುದು ನಿಜ ಮತ್ತು ಅದು ದೊಡ್ಡ ಭಾಗ್ಯ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ದೇಶದ ಹಲವು ಗ್ರಂಥಾಲಯಗಳ ಪುಸ್ತಕಗಳು ಸ್ಕ್ಯಾನ್ ಆದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಪ್ರಮುಖ ಕೇಂದ್ರವಾಗಿತ್ತು. ಮೂಲ ತಾಣ ನಿಂತುಹೋದ ಮೇಲೂ ಅವುಗಳಲ್ಲಿ ಬಹುಪಾಲು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಳಿದುಕೊಂಡಿವೆ. ನೀವು ಇಳಿಸಿಕೊಂಡ ಕನ್ನಡ ಪುಸ್ತಕಗಳಲ್ಲಿ ಕೆಲವು ‘ಉಸ್ಮಾನಿಯಾ ವಿಶ್ವವಿದ್ಯಾಲಯ ಗ್ರಂಥಾಲಯ’ ಎಂಬ ಚೀಟಿಯಿಂದ ಶುರುವಾಗುವುದನ್ನು ಗಮನಿಸಿರಬಹುದು: ಕರೆ ಸಂಖ್ಯೆ, ದಾಖಲಾತಿ ಸಂಖ್ಯೆ, ಕೊನೆಗೆ ಗೊತ್ತಾದ ದಿನದೊಳಗೆ ಹಿಂದಿರುಗಿಸಬೇಕೆಂಬ ಸೂಚನೆ. ನಿಜಾಮನ ಸಂಸ್ಥಾನದಲ್ಲಿ ಕನ್ನಡ ಜಿಲ್ಲೆಗಳೂ ಇದ್ದುದರಿಂದ ಹೈದರಾಬಾದಿನ ಆ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳು ಸೇರಿದ್ದವು. ಬೆಂಗಳೂರಿನಲ್ಲೇ ಸಿಗದ ಎಷ್ಟೋ ಕಾದಂಬರಿಗಳನ್ನು ನಾವು ಇಂದು ಓದುತ್ತಿರುವುದು ಅಲ್ಲಿನ ಕಪಾಟುಗಳ ದಯೆಯಿಂದ.

ಇನ್ನು ತಾಪತ್ರಯಗಳನ್ನು ಕೇಳಿ. ಶೀರ್ಷಿಕೆಗಳನ್ನು ರೋಮನ್ ಅಕ್ಷರದಲ್ಲಿ ಮನಬಂದಂತೆ ಬರೆದಿರುವುದರಿಂದ ಒಂದೇ ಪುಸ್ತಕವನ್ನು ನಾಲ್ಕು ಕಾಗುಣಿತದಲ್ಲಿ ಹುಡುಕಬೇಕು. ಪುಟಗಳು ಬಿಟ್ಟುಹೋಗಿವೆ, ಅಂಚು ಕತ್ತರಿಸಿಹೋಗಿದೆ, ಮಡಿಸಿದ ನಕ್ಷೆಯನ್ನು ಬಿಡಿಸದೆಯೇ ಚಿತ್ರ ತೆಗೆದಿದ್ದಾರೆ. ಹೊದಿಕೆ, ಬೆಲೆ, ಕೊನೆಯ ಪುಟದ ಪ್ರಕಟಣೆಗಳ ಪಟ್ಟಿ ಸಾಮಾನ್ಯವಾಗಿ ಇಲ್ಲ. ಪ್ರಕಾಶನದ ಇತಿಹಾಸ ಬರೆಯುವವರಿಗೆ ಬೇಕಾದದ್ದು ಅವೇ. ಕಪ್ಪು ಬಿಳುಪಿನ ಸ್ಕ್ಯಾನ್‌ನಲ್ಲಿ ಅನುಸ್ವಾರ ಯಾವುದು, ಕಾಗದದ ಕಲೆ ಯಾವುದು ಎಂದು ತಿಳಿಯದೆ ತಲೆ ಕೆರೆದುಕೊಳ್ಳಬೇಕಾದ ಪದ್ಯಗಳನ್ನು ಯಾವ ಸಂಪಾದಕರನ್ನು ಕೇಳಿದರೂ ಹೇಳುತ್ತಾರೆ. ಮೂಲ ಉಳಿದಿದ್ದರೆ ಸಂದೇಹ ಬಂದಾಗ ಹೋಗಿ ನೋಡಬಹುದು, ನಾಳೆ ಇನ್ನೂ ಒಳ್ಳೆಯ ಉಪಕರಣ ಬಂದಾಗ ಮತ್ತೆ ಚಿತ್ರ ತೆಗೆಯಬಹುದು. ಉಡುಪಿಯ ಮಠವೊಂದರಲ್ಲಿದ್ದ ಮಧ್ವಾಚಾರ್ಯರ ಸರ್ವಮೂಲ ಗ್ರಂಥದ ಕಪ್ಪಾದ ಓಲೆಗಳನ್ನು ಅಮೆರಿಕದ ರಾಚೆಸ್ಟರ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡ 2006ರ ಸುಮಾರಿಗೆ ಅವಕೆಂಪು (ಇನ್‌ಫ್ರಾರೆಡ್) ಬೆಳಕಿನಲ್ಲಿ ಚಿತ್ರಿಸಿದಾಗ, ಬರಿಗಣ್ಣಿಗೆ ಕಾಣದ ಅಕ್ಷರಗಳು ಓದಲು ಸಿಕ್ಕವು. ಹಳೆಯ ಜೆರಾಕ್ಸ್ ಪ್ರತಿ ಇದೆಯೆಂದು ಆ ಓಲೆಗಳನ್ನು ಬಿಟ್ಟುಬಿಟ್ಟಿದ್ದರೆ ಅಷ್ಟೇ.

ಹಣದ ಮಾತಿನಲ್ಲಿ ನನ್ನ ತಕರಾರು ಬೇರೆ. ಸ್ಕ್ಯಾನರ್ ಕೊಳ್ಳಲು ಅನುದಾನ ಸಿಗುತ್ತದೆ, ಉದ್ಘಾಟನೆಗೆ ಅತಿಥಿಗಳೂ ಸಿಗುತ್ತಾರೆ. ಗ್ರಂಥ, ನಂದಿನಾಗರಿ, ತಿಗಳಾರಿ, ಮೋಡಿ ಲಿಪಿಗಳನ್ನು ಓದಿ ಸೂಚಿ ಬರೆಯಬಲ್ಲ ಒಬ್ಬ ಪಂಡಿತರ ಹುದ್ದೆ ತುಂಬಲು ವರ್ಷಗಟ್ಟಲೆ ಹಿಡಿಯುತ್ತದೆ. ಏನಿದೆಯೆಂದು ತಿಳಿಯದ ಓಲೆಯನ್ನು ಎಷ್ಟು ಸ್ಪಷ್ಟವಾಗಿ ಚಿತ್ರಿಸಿಟ್ಟರೂ ಅದು ತಿಳಿಯದ ಓಲೆಯೇ.

ಪ್ರಶ್ನೆ: ನಾನು ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಮಾಡುವ ಕನ್ನಡಿಗ. ಪಕ್ಕದ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಕನ್ನಡಕ್ಕೆ ಸಂಬಂಧಿಸಿದ ಹಳೆಯ ಸಂಗ್ರಹವಿದೆಯೆಂದು ಕೇಳಿದ್ದೇನೆ. ಅಲ್ಲಿಗೂ ಕನ್ನಡಕ್ಕೂ ಏನು ನಂಟು?
— ಜರ್ಮನಿಯ ಓದುಗರು

ಉತ್ತರ: ನಂಟು ಹಳೆಯದು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ (ಕಲ್ಲಿನ ಮೇಲೆ ಬರೆದು ಅಚ್ಚೊತ್ತುವ ವಿಧಾನದಲ್ಲಿ) ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರತಂದ ಜರ್ಮನ್ ಮಿಷನರಿ ಹೆರ್ಮನ್ ಮ್ಯೋಗ್ಲಿಂಗ್ ಓದಿದ್ದು ಟ್ಯೂಬಿಂಗನ್‌ನಲ್ಲಿ. ನಿವೃತ್ತ ನ್ಯಾಯಾಧೀಶ ಕಸಮೇಜರ್ ಕೊಟ್ಟ ಹಣದಿಂದ ಅವರು ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಕಲ್ಲಚ್ಚಿಗೆ ತಂದರು. ಅದನ್ನು ಮೆಚ್ಚಿ ಟ್ಯೂಬಿಂಗನ್ 1858ರಲ್ಲಿ ಅವರಿಗೆ ಡಾಕ್ಟರೇಟ್ ನೀಡಿತು. 1894ರಲ್ಲಿ ನಿಘಂಟನ್ನು ಮುಗಿಸಿದ ಫರ್ಡಿನೆಂಡ್ ಕಿಟೆಲ್ ಅವರಿಗೂ ಇದೇ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಕಿಟೆಲ್ ಕೊನೆಯ ದಿನಗಳನ್ನು ಕಳೆದದ್ದೂ 1903ರಲ್ಲಿ ತೀರಿಕೊಂಡದ್ದೂ ಆ ಊರಿನಲ್ಲೇ.

ಮ್ಯೋಗ್ಲಿಂಗ್ ಅವರ ಆಪ್ತ ಮಿತ್ರ, ಮಲಯಾಳಂ ನಿಘಂಟುಕಾರ ಹೆರ್ಮನ್ ಗುಂಡರ್ಟ್ ನಿಮ್ಮ ಸ್ಟುಟ್‌ಗಾರ್ಟ್‌ನವರು. ಅವರ ಹಸ್ತಪ್ರತಿ ಮತ್ತು ಪುಸ್ತಕಗಳ ಸಂಗ್ರಹ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಕೈತಪ್ಪಿಹೋಯಿತೆಂದು ಕೇರಳದ ವಿದ್ವಾಂಸರು ಭಾವಿಸಿದ್ದ ‘ಪಯ್ಯನ್ನೂರ್ ಪಾಟ್ಟ್’ ಎಂಬ ಹಳೆಯ ಕಾವ್ಯದ ಪ್ರತಿ ಸಿಕ್ಕಿದ್ದು ಈ ಸಂಗ್ರಹದಲ್ಲಿ. 2018ರಲ್ಲಿ ಗ್ರಂಥಾಲಯ ಈ ಸಾಮಗ್ರಿಯನ್ನು ‘ಗುಂಡರ್ಟ್ ಪೋರ್ಟಲ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆಯಿತು. ಮಲಯಾಳಂ ಪಾಲು ಹೆಚ್ಚಿದ್ದರೂ ಕನ್ನಡ ಮತ್ತು ತುಳು ಮುದ್ರಣಗಳೂ ಅಲ್ಲಿವೆ. ವಾರಾಂತ್ಯದಲ್ಲಿ ಹೋಗುವ ಮೊದಲು ಪೋರ್ಟಲ್‌ನಲ್ಲಿ ಹುಡುಕಿ ಸಂಖ್ಯೆಗಳನ್ನು ಗುರುತುಹಾಕಿಕೊಳ್ಳಿ. ಈ ಮೂವರೂ ಸೇರಿದ್ದ ಬಾಸೆಲ್ ಮಿಷನ್ನಿನ ಕಾಗದಪತ್ರ ಮತ್ತು ಫೋಟೊಗಳು ಬೇಕಾದರೆ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಬೇಕು. ಇತ್ತ ಊರಿಗೆ ಬಂದಾಗ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರವನ್ನೂ ನೋಡಿ.

ಪ್ರಶ್ನೆ: ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ 1912ರಲ್ಲಿ ಅಚ್ಚಾದ ಯಕ್ಷಗಾನ ಪ್ರಸಂಗವೊಂದನ್ನು ಕಂಡೆ. ಬೇರೆಲ್ಲೂ ಸಿಗುತ್ತಿಲ್ಲ. ನಮ್ಮ ಸಂಘದಿಂದ ಮರುಮುದ್ರಣ ಮಾಡಬಹುದೇ? ಗ್ರಂಥಾಲಯದ ಒಪ್ಪಿಗೆ ಸಾಕೇ?
— ಕುಂದಾಪುರದ ಓದುಗರು

ಉತ್ತರ: ಪ್ರತಿಯ ಒಡೆತನವೂ ಕೃತಿಯ ಹಕ್ಕೂ ಒಂದಲ್ಲ. ಗ್ರಂಥಾಲಯ ಪ್ರತಿಯ ಒಡೆಯ ಮಾತ್ರ. ಭಾರತದ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. 1964ರಲ್ಲಿ ತೀರಿಕೊಂಡವರ ಕೃತಿಗಳು 2024ರ ಕೊನೆಯವರೆಗೆ ವಾರಸುದಾರರ ಹಕ್ಕಿನಲ್ಲಿದ್ದವು. ಆದ್ದರಿಂದ ನೀವು ನೋಡಬೇಕಾದದ್ದು 1912 ಎಂಬ ಇಸವಿಯನ್ನಲ್ಲ, ಪ್ರಸಂಗಕರ್ತರ ನಿಧನದ ವರ್ಷವನ್ನು. ಇಪ್ಪತ್ತೈದರ ಹರೆಯದಲ್ಲಿ ಪ್ರಸಂಗ ಬರೆದು ಎಂಬತ್ತೈದರವರೆಗೆ ಬದುಕಿದ್ದರೆ ಹಕ್ಕು ಇನ್ನೂ ಉಳಿದಿರಬಹುದು. ಮುದ್ದಣನಂತೆ 1901ರಲ್ಲೇ ತೀರಿಕೊಂಡವರ ಪ್ರಸಂಗಗಳಾದರೆ ಈ ತೊಡಕಿಲ್ಲ. ಲೇಖಕರ ಹೆಸರೇ ಇಲ್ಲದ ಅಥವಾ ಅವರು ತೀರಿಕೊಂಡ ಮೇಲೆ ಮೊದಲ ಸಲ ಪ್ರಕಟವಾದ ಕೃತಿಗೆ ಪ್ರಕಟವಾದ ವರ್ಷದಿಂದ 60 ವರ್ಷ ಎಣಿಸುತ್ತಾರೆ.

ಹಕ್ಕು ಮುಗಿದಿದ್ದರೂ ಸ್ಕ್ಯಾನ್ ಪಡೆಯಲು, ಆ ಚಿತ್ರಗಳನ್ನೇ ಅಚ್ಚು ಹಾಕಲು ಗ್ರಂಥಾಲಯ ತನ್ನ ನಿಯಮ ಮತ್ತು ಶುಲ್ಕವನ್ನು ಹೇಳಬಹುದು. ಲಿಖಿತ ಒಪ್ಪಿಗೆ ಪಡೆಯಿರಿ. ಬರಿಯ ಫೋಟೊ ಪ್ರತಿಯನ್ನು ಅಚ್ಚು ಹಾಕುವ ಬದಲು ಹಳೆಯ ಭಾಗವತರ ಕೈಬರಹದ ಪ್ರತಿಗಳಿದ್ದರೆ ಅವುಗಳೊಡನೆ ಹೋಲಿಸಿ, ಭೇದಗಳನ್ನು ಅಡಿಯಲ್ಲಿ ತೋರಿಸಿ. ಅಚ್ಚಿನ ತಪ್ಪುಗಳಿಗೆ ಹೆಸರಾದ ಕಾಲ ಅದು. ಮುನ್ನುಡಿಯಲ್ಲಿ ಗ್ರಂಥಾಲಯದ ಹೆಸರಿನ ಜೊತೆಗೆ ಪುಸ್ತಕದ ಕರೆ ಸಂಖ್ಯೆಯನ್ನೂ ದಾಖಲಾತಿ ಸಂಖ್ಯೆಯನ್ನೂ ತಪ್ಪದೆ ನಮೂದಿಸಿ, ಅಚ್ಚಾದ ಎರಡು ಪ್ರತಿಗಳನ್ನು ಆ ವಿಭಾಗಕ್ಕೆ ಕಳುಹಿಸಿಕೊಡಿ.